ಮನೇಲಿ ಒಬ್ರಿಗೆ ಮೊದಲನೇ ಸಲ ಸೈಕೋಸಿಸ್ ಆದ್ರೆ: ಬೆಂಗಳೂರಲ್ಲಿ ಎಲ್ಲಿಗೆ ಹೋಗ್ಬೇಕು, ಏನ್ ಕೇಳ್ಬೇಕು, ಆಮೇಲೆ ಮನೇಲಿ ಏನ್ ಮಾಡ್ಬೇಕು

ನನ್ನ ತಮ್ಮ ಸೆಟ್‌ಟಾಪ್ ಬಾಕ್ಸ್‌ನ ಕೆಂಪು ಲೈಟಿಗೆ ಬ್ಯಾಂಡೇಡ್ ಅಂಟಿಸಿದ ದಿನ ನಾವ್ಯಾರೂ ಅದನ್ನ ಕಾಯಿಲೆ ಅಂದ್ಕೊಳ್ಲೇ ಇಲ್ಲ. ಎಕ್ಸಾಮ್ ಟೆನ್ಶನ್ನು, ರಾತ್ರಿಯೆಲ್ಲಾ ಮೊಬೈಲು, ಅದಕ್ಕೇ ಹಿಂಗಾಡ್ತಾನೆ ಅಂದ್ರು ಅಪ್ಪ. ವಾರ ಕಳೆಯೋದ್ರಲ್ಲಿ ಅಮ್ಮ ಮಾಡಿದ ಸಾರು ಮುಟ್ಟೋದು ಬಿಟ್ಟ, ಮೇಲಿನ ಮನೆಯವ್ರು ನೆಲ ಕುಟ್ಟಿ ತನಗೇನೋ ಹೇಳ್ತಿದಾರೆ ಅಂದ, ರಾತ್ರಿ ಎರಡು ಗಂಟೆಗೆ ಬಾಲ್ಕನಿಲಿ ನಿಂತು ಯಾರ ಜೊತೆಗೋ ಜಗಳ ಆಡ್ತಿದ್ದ, ಅಲ್ಲಿ ಯಾರೂ ಇರ್ಲಿಲ್ಲ. ಅವನಿಗಾಗ ಇಪ್ಪತ್ತೊಂದು. ನಾವು ಡಾಕ್ಟ್ರ ಹತ್ರ ಹೋಗಿದ್ದು ಅದಾಗಿ ಎರಡು ತಿಂಗಳಿಗೆ, ಮಧ್ಯದಲ್ಲಿ ಒಂದು ಶಾಸ್ತ್ರ ಕೇಳಿದ್ದು, ಒಂದು ತಾಯತ, ಒಂದು ಹರಕೆ. ಆ ಎರಡು ತಿಂಗಳು ನಿಮಗೆ ಉಳೀಲಿ ಅಂತಾನೇ ಇಷ್ಟುದ್ದ ಬರೀತಿದೀನಿ. ನಾನು ಡಾಕ್ಟ್ರಲ್ಲ, ಅವನ ಅಕ್ಕ ಅಷ್ಟೆ, ಮಾತ್ರೆ ಡೋಸ್ ವಿಷ್ಯ ನಿಮ್ಮ ಡಾಕ್ಟ್ರು ಹೇಳಿದ್ದೇ ಫೈನಲ್.

ಮೊದ್ಲು, ಇದು ಅದೇನಾ ಅಂತ ನೋಡ್ಕೊಳ್ಳಿ

ಸೈಕೋಸಿಸ್ ಅನ್ನೋದು ಒಂದು ಕಾಯಿಲೆ ಹೆಸ್ರಲ್ಲ, ಜ್ವರ ಇದ್ದಂಗೆ, ಅದು ಲಕ್ಷಣ, ಹಿಂದೆ ಕಾರಣ ಬೇರೆ ಬೇರೆ ಇರುತ್ತೆ. ಇಲ್ದಿರೋ ದನಿ ಕೇಳ್ಸೋದು, ಯಾರೋ ಫಾಲೋ ಮಾಡ್ತಿದಾರೆ, ಊಟಕ್ಕೆ ಏನೋ ಹಾಕಿದಾರೆ ಅನ್ನೋ ಗಟ್ಟಿ ನಂಬಿಕೆ, ಟಿವಿಲಿ ಬರೋದೆಲ್ಲ ನನ್ ಬಗ್ಗೇನೇ ಅನ್ಸೋದು, ಮಾತು ಒಂದಕ್ಕೊಂದು ಸಂಬಂಧ ಇಲ್ದಂಗೆ ಆಗೋದು. ಇದೆಲ್ಲದಕ್ಕೂ ಮುಂಚೆ ನಿದ್ದೆ ಹೋಗಿರುತ್ತೆ, ಫ್ರೆಂಡ್ಸ್ ಬಿಟ್ಟಿರ್ತಾರೆ, ಸ್ನಾನ ಬಿಟ್ಟಿರ್ತಾರೆ, ಹಿಂದಕ್ಕೆ ತಿರುಗಿ ನೋಡಿದ್ರೆ ತಿಂಗಳುಗಟ್ಲೆ ಹಿಂದೇನೇ ಶುರುವಾಗಿತ್ತು ಅಂತ ಗೊತ್ತಾಗುತ್ತೆ. ಕಾರಣ ಸ್ಕಿಜೋಫ್ರೇನಿಯಾ ಇರ್ಬಹುದು, ಬೈಪೋಲಾರ್ ಇರ್ಬಹುದು, ತೀರಾ ಡಿಪ್ರೆಶನ್ ಇರ್ಬಹುದು, ಗಾಂಜಾ ಇರ್ಬಹುದು, ಬಾಣಂತಿಯರಿಗೆ ಹೆರಿಗೆ ಆದ ಕೆಲವೇ ದಿನದಲ್ಲಿ ಬರಬಹುದು. ನಮ್ಮ ದೇಶದಲ್ಲಿ ತಟ್ಟನೆ ಬಂದು ಸ್ವಲ್ಪ ದಿನಕ್ಕೆ ಪೂರ್ತಿ ವಾಸಿಯಾಗೋ ಥರದ್ದೂ ಕಮ್ಮಿಯೇನಿಲ್ಲ. ಹಾಗಾಗಿ ಮೊದಲನೇ ದಿನವೇ ಗೂಗಲ್ ಮಾಡಿ ಸ್ಕಿಜೋಫ್ರೇನಿಯಾ ಅಂತ ತೀರ್ಮಾನ ಮಾಡ್ಕೊಂಡು ಮನೆಯವ್ರೆಲ್ಲ ಅಳ್ತಾ ಕೂರ್ಬೇಡಿ, ಡಾಕ್ಟ್ರೇ ಎಷ್ಟೋ ಸಲ ಆರು ತಿಂಗಳು ನೋಡಿ ಆಮೇಲೆ ಹೆಸರು ಹೇಳ್ತಾರೆ.

ಒಂದು ಎಚ್ಚರಿಕೆ. ಜ್ವರ ಇದ್ದು ಜೊತೆಗೆ ಹಿಂಗಾಗ್ತಿದ್ರೆ, ಫಿಟ್ಸ್ ಬಂದಿದ್ರೆ, ಒಂದು ಗಂಟೆ ಸರಿ ಇದ್ದು ಇನ್ನೊಂದು ಗಂಟೆ ಎಲ್ಲಿದೀನಿ ಅಂತಾನೇ ಗೊತ್ತಾಗ್ದಂಗೆ ಆಗ್ತಿದ್ರೆ, ತಲೆಗೆ ಪೆಟ್ಟು ಬಿದ್ದಿದ್ರೆ, ಮನೋವೈದ್ಯರ ಅಪಾಯಿಂಟ್‌ಮೆಂಟ್‌ಗೆ ಕಾಯ್ಬೇಡಿ. ಮೆದುಳಿನ ಸೋಂಕು, ಊತ ಇದ್ರೂ ಹಿಂಗೇ ಕಾಣ್ಸುತ್ತೆ, 108 ಕರೆದು ಹತ್ತಿರದ ದೊಡ್ಡ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ.

ಮಾತಾಡೋದು ಹೇಗೆ

ಎಲ್ರೂ ಮಾಡೋ ತಪ್ಪು ವಾದ. ನಾವೂ ಮಾಡಿದ್ವಿ. ಅಪ್ಪ ಅವನನ್ನ ಮೇಲಿನ ಮನೆಗೇ ಕರ್ಕೊಂಡ್ ಹೋಗಿ, ನೋಡು ಯಾರೂ ಏನೂ ಹೇಳ್ತಿಲ್ಲ ಅಂತ ತೋರಿಸಿದ್ರು. ಅವನು ಕೆಳಗೆ ಬಂದವ್ನೇ "ನೀವೂ ಅವ್ರ ಕಡೆಗೇ ಸೇರ್ಕೊಂಡಿದೀರಾ" ಅಂದ. ಅವತ್ತಿಂದ ಅಪ್ಪ ಕೊಟ್ಟ ನೀರೂ ಕುಡೀಲಿಲ್ಲ.

ಸುಳ್ಳು ಅಂತ ಸಾಬೀತು ಮಾಡೋಕೆ ಹೋಗ್ಬೇಡಿ, ಹೌದು ನಿಜ ಅಂತ ತಾಳ ಹಾಕೋಕೂ ಹೋಗ್ಬೇಡಿ. ಅವ್ರ ಭಯ ಮಾತ್ರ ನಿಜ, ಅದನ್ನ ಹಿಡ್ಕೊಳ್ಳಿ. "ನಂಗೆ ಆ ದನಿ ಕೇಳಿಸ್ತಿಲ್ಲ ಕಣೋ, ಆದ್ರೆ ನಿಂಗೆ ಎಷ್ಟು ಹೆದ್ರಿಕೆ ಆಗ್ತಿದೆ ಅಂತ ಕಾಣ್ತಿದೆ, ನಾಲ್ಕು ದಿನದಿಂದ ನಿದ್ದೆ ಮಾಡಿಲ್ಲ ನೀನು, ನಿದ್ದೆಗಾದ್ರೂ ಏನಾದ್ರೂ ಕೇಳ್ಕೊಂಡ್ ಬರೋಣ ಬಾ." ನಮ್ಮ ಹುಡುಗ ಒಪ್ಪಿದ್ದು ನಿದ್ದೆ ಅನ್ನೋ ಮಾತಿಗೇ, ತಲೆ ಸರಿ ಇಲ್ಲ ಅಂದಿದ್ರೆ ಜನ್ಮದಲ್ಲಿ ಬರ್ತಿರ್ಲಿಲ್ಲ. ಊಟದ ವಿಷ್ಯಕ್ಕೂ ಒಂದು ಉಪಾಯ ಇದೆ, ಸಿಪ್ಪೆ ಇರೋದು ಕೊಡಿ. ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಕಿತ್ತಳೆ, ಎಳನೀರು ಅಂಗಡಿಲಿ ಅವನ ಮುಂದೇನೇ ಕೊಚ್ಚಿಸಿ. ಅವನೇ ಸುಲಿದು ತಿಂತಾನೆ. ಹನ್ನೊಂದು ದಿನ ನನ್ನ ತಮ್ಮ ಹೆಚ್ಚುಕಮ್ಮಿ ಮೊಟ್ಟೆ, ಬಾಳೆಹಣ್ಣಲ್ಲೇ ಬದುಕಿದ, ಇವತ್ತಿಗೂ ಪಚ್ಚಬಾಳೆ ಕಂಡ್ರೆ ಮುಖ ತಿರುಗಿಸ್ತಾನೆ.

ಇನ್ನು ದೇವ್ರು, ತಾಯತದ ಮಾತು. ಅಮ್ಮಂದಿರಿಗೆ ಬೇಡ ಅನ್ನೋಕೆ ಹೋಗಿ ಮನೇಲಿ ಇನ್ನೊಂದು ಯುದ್ಧ ಶುರು ಮಾಡ್ಬೇಡಿ. ತಾಯತ ಕಟ್ಲಿ, ಮಾತ್ರೇನೂ ನುಂಗ್ಲಿ. ಆದ್ರೆ ಹೊಡೆಯೋದು, ಹೊಗೆ ಹಾಕೋದು, ಉಪವಾಸ ಕೆಡವೋದು, ಮಾತ್ರೆ ಬಿಡು ಅನ್ನೋದು, ಇಷ್ಟರಲ್ಲಿ ಒಂದು ಮಾಡಿದ್ರೂ ಅಲ್ಲಿಂದ ಎದ್ದು ಬನ್ನಿ. "ಮದುವೆ ಮಾಡಿ, ಸರಿ ಹೋಗ್ತಾನೆ" ಅನ್ನೋ ನೆಂಟರಿಗೆ ಕಾಫಿ ಕೊಟ್ಟು ಕಳ್ಸಿ.

ಎಲ್ಲಿಗೆ ಹೋಗೋದು

ಏನೂ ತೋಚದೇ ಇದ್ರೆ ಮೊದ್ಲು 14416ಗೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಹಗಲು ರಾತ್ರಿ ಇರುತ್ತೆ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ಕಾಯಿಲೆ ಇರೋರೇ ಮಾಡ್ಬೇಕು ಅಂತೇನಿಲ್ಲ, ಮನೆಯವ್ರು ಮಾಡಿದ್ರೂ ಆಗುತ್ತೆ.

ನಿಮ್ಹಾನ್ಸ್ ಬಗ್ಗೆ ಹೇಳೋದೇ ಬೇಡ, ನಮ್ಮೂರಲ್ಲಿ ಅದನ್ನ ಬೈಗುಳ ಮಾಡಿ ಇಟ್ಟಿದೀವಿ, "ಇವ್ನನ್ನ ಡೈರಿ ಸರ್ಕಲ್‌ಗೆ ಬಿಟ್ಟು ಬನ್ರೋ" ಅಂತ ನಾನೂ ಕಾಲೇಜಲ್ಲಿ ನಕ್ಕಿದೀನಿ. ಹೊಸೂರು ರೋಡಲ್ಲಿ ಡೈರಿ ಸರ್ಕಲ್ ಹತ್ರ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಪಕ್ಕ ಇದೆ. ಎಮರ್ಜೆನ್ಸಿ 24 ಗಂಟೆ ಇರುತ್ತೆ, ಯಾರ ಲೆಟರೂ ಬೇಡ. ಪರಿಸ್ಥಿತಿ ಅಷ್ಟು ಕೈ ಮೀರಿಲ್ಲ ಅಂದ್ರೆ ಓಪಿಡಿಗೆ ಬೆಳಿಗ್ಗೆ ಬೇಗ ಹೋಗಿ. ಹೊಸ ಪೇಷಂಟ್ ರಿಜಿಸ್ಟ್ರೇಶನ್ ಆಗಿ, ಒಬ್ಬ ಚಿಕ್ಕ ಡಾಕ್ಟ್ರು ಪೂರ್ತಿ ಕಥೆ ಬರ್ಕೊಂಡು, ಆಮೇಲೆ ದೊಡ್ಡ ಡಾಕ್ಟ್ರು ನೋಡೋ ಹೊತ್ತಿಗೆ ಮಧ್ಯಾಹ್ನ ಆಗುತ್ತೆ, ಇಡೀ ದಿನ ರಜೆ ಹಾಕಿಯೇ ಹೋಗಿ. ಕಾಯೋಕೆ ಆಗ್ದೇ ಇರೋ ಹುಡುಗ ಆದ್ರೆ ಒಬ್ರು ಅವನ ಜೊತೆ ಮರದ ಕೆಳಗೆ ಓಡಾಡ್ತಾ ಇರ್ಲಿ, ಇನ್ನೊಬ್ರು ಕ್ಯೂಲಿ ನಿಲ್ಲಲಿ, ಅದಕ್ಕೇ ಇಬ್ರು ಹೋಗ್ಬೇಕು. ಬಿಪಿಎಲ್ ಕಾರ್ಡ್ ಇದ್ರೆ ಮರೀದೆ ಒಯ್ಯಿರಿ, ಖರ್ಚು ತುಂಬಾ ಕಮ್ಮಿ ಆಗುತ್ತೆ. ಬಾಣಂತಿ ಆದ್ರೆ ಮಗೂನ ಜೊತೇಲೇ ಇಟ್ಕೊಂಡು ಚಿಕಿತ್ಸೆ ಕೊಡೋ ವಾರ್ಡೂ ಅಲ್ಲಿದೆ.

ಅದೊಂದೇ ದಾರಿ ಅಲ್ಲ. ವಿಕ್ಟೋರಿಯಾ, ಬೌರಿಂಗ್, ಸೇಂಟ್ ಜಾನ್ಸ್, ರಾಮಯ್ಯ, ಹಿಂಗೆ ಮೆಡಿಕಲ್ ಕಾಲೇಜಿರೋ ಆಸ್ಪತ್ರೆಗಳಲ್ಲೆಲ್ಲ ಸೈಕಿಯಾಟ್ರಿ ವಿಭಾಗ ಇದೆ. ನನ್ನ ಅಭಿಪ್ರಾಯ ಕೇಳಿದ್ರೆ ಮನೆಗೆ ಹತ್ತಿರ ಇರೋದೇ ಒಳ್ಳೇದು, ಯಾಕಂದ್ರೆ ಇದು ಒಂದು ಸಲ ಹೋಗಿ ಬರೋ ಕೆಲ್ಸ ಅಲ್ಲ, ಯಲಹಂಕದಿಂದ ಸಿಲ್ಕ್ ಬೋರ್ಡ್ ಕಡೆಗೆ ಎರಡು ವರ್ಷ ಓಡಾಡೋಕೆ ಆಗಲ್ಲ ಅಂತ ಮಧ್ಯದಲ್ಲೇ ಬಿಟ್ಟೋರು ಎಷ್ಟೋ ಜನ. ಊರಿಂದ ಬರೋರಾದ್ರೆ, ನಿಮ್ಮ ಜಿಲ್ಲಾಸ್ಪತ್ರೇಲೂ ಮನೋವೈದ್ಯರು ಇರ್ತಾರೆ, ಮನೋಚೈತನ್ಯ ಅನ್ನೋ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೂ ಬರ್ತಾರೆ, ಇಲ್ಲಿ ಶುರು ಮಾಡಿ ಅಲ್ಲಿ ಮುಂದುವರಿಸ್ಬಹುದಾ ಅಂತ ಮೊದಲನೇ ದಿನವೇ ಕೇಳಿ.

ಬರಲ್ಲ ಅಂತ ಹಠ ಹಿಡಿದ್ರೆ? ಅವನು ನಂಬೋ ಒಬ್ರು ಯಾರಾದ್ರೂ ಇರ್ತಾರೆ, ಸೋದರಮಾವನೋ, ಹಳೇ ಫ್ರೆಂಡೋ, ಅವ್ರನ್ನ ಕರೆಸಿ. ಆಗ್ಲಿಲ್ಲ ಅಂದ್ರೆ ಮೊದ್ಲು ನೀವೇ ಡಾಕ್ಟ್ರನ್ನ ನೋಡಿ ಸಲಹೆ ತಗೊಳ್ಳಿ. ಕಾಫಿಲಿ ಕದ್ದು ಮಾತ್ರೆ ಬೆರೆಸಿ ಕೊಡೋ ಐಡಿಯಾ ನೂರು ಜನ ಕೊಡ್ತಾರೆ, ಬೇಡ. ಊಟಕ್ಕೆ ಏನೋ ಹಾಕಿದಾರೆ ಅಂತ ಮೊದ್ಲೇ ಅನುಮಾನ ಪಡೋನಿಗೆ ಅದು ನಿಜ ಅಂತ ನೀವೇ ತೋರಿಸ್ದಂಗಾಗುತ್ತೆ. ಕೈಕಾಲು ಕಟ್ಟಿ ಹಾಕೋದಂತೂ ಬೇಡವೇ ಬೇಡ. ಕೈಗೆ ಚಾಕು ತಗೊಂಡ್ರೆ, ಸಾಯ್ತೀನಿ ಅಂದ್ರೆ, ಯಾರಿಗಾದ್ರೂ ಹೊಡೆಯೋ ಹಂಗಿದ್ರೆ 112. ಮಾನಸಿಕ ಕಾಯಿಲೆಯಿಂದ ತನಗೋ ಬೇರೆಯವ್ರಿಗೋ ಅಪಾಯ ಮಾಡ್ಕೊಳ್ಳೋ ಸ್ಥಿತೀಲಿರೋರನ್ನ ರಕ್ಷಣೆಗೆ ತಗೊಂಡು ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸೋದು ಕಾನೂನು ಪ್ರಕಾರ ಪೊಲೀಸ್ರ ಕರ್ತವ್ಯ, ಲಾಕಪ್ಪಲ್ಲಿ ಇಡೋ ಹಂಗಿಲ್ಲ. ಫೋನಲ್ಲೇ "ಕಳ್ಳ ಅಲ್ಲ ಸಾರ್, ಹುಷಾರಿಲ್ಲ" ಅಂತ ಹೇಳ್ಬಿಡಿ.

ಹೋಗೋ ಮುಂಚೆ ಒಂದು ನೋಟ್‌ಬುಕ್

ಇನ್ನೂರು ಪೇಜಿಂದು ಒಂದು ತಗೊಳ್ಳಿ. ಮೊದಲನೇ ಪುಟದಲ್ಲಿ ಇವಿಷ್ಟು ಬರೀರಿ: ಯಾವಾಗಿಂದ ಬದಲಾದ, ಮೊದ್ಲು ಏನು ಕಾಣ್ತು, ಎಷ್ಟು ಗಂಟೆ ನಿದ್ದೆ, ಗಾಂಜಾ ಎಣ್ಣೆ ಸಿಗರೇಟು ಉಂಟಾ (ಫ್ರೆಂಡ್ಸ್‌ನ ಕೇಳಿ, ಅಪ್ಪ ಅಮ್ಮನ್ನ ಅಲ್ಲ), ತಲೆಗೆ ಏಟು, ಫಿಟ್ಸ್, ಥೈರಾಯ್ಡ್, ಈಗ ತಗೊಳ್ತಿರೋ ಮಾತ್ರೆ, ಆಯುರ್ವೇದ ಲೇಹ್ಯ ಸಮೇತ. ಮನೆತನದಲ್ಲಿ ಯಾರಿಗಾದ್ರೂ ಇತ್ತಾ ಅಂತಾನೂ ಬರೀರಿ. ನಮ್ಮಲ್ಲಿ ಡಾಕ್ಟ್ರು ಕೇಳಿದಾಗ ಅಪ್ಪ ಇಲ್ಲ ಅಂತ ತಲೆ ಆಡಿಸಿದ್ರು, ಬಸ್ಸಲ್ಲಿ ವಾಪಸ್ ಬರ್ಬೇಕಾದ್ರೆ ಅಮ್ಮ ಮೆಲ್ಲಗೆ "ನಿಮ್ಮ ಚಿಕ್ಕತ್ತೆ ಬಾವಿಗೆ ಬಿದ್ದಿದ್ದು ಯಾಕಂತ ಅಂದ್ಕೊಂಡಿದೀಯಾ" ಅಂದ್ರು. ನನಗೆ ಇಪ್ಪತ್ತಾರು ವರ್ಷ ಆಗೋ ತನಕ ಅದು ಕಾಲು ಜಾರಿ ಬಿದ್ದಿದ್ದು.

ಡಾಕ್ಟ್ರ ಮುಂದೆ ಕೂತಾಗ ಏನೂ ನೆನಪಿರಲ್ಲ, ಪುಟ ಕೊಟ್ಬಿಡಿ, ಅವ್ರಿಗೂ ಖುಷಿ. ರಕ್ತ ಪರೀಕ್ಷೆ, ಥೈರಾಯ್ಡ್, ಬಿ12, ಕೆಲವೊಮ್ಮೆ ತಲೆ ಸ್ಕ್ಯಾನು, ಇಇಜಿ (ತಲೆಗೆ ವೈರ್ ಅಂಟಿಸಿ ಮೆದುಳಿನ ಅಲೆ ನೋಡೋದು), ಯೂರಿನ್‌ನಲ್ಲಿ ಡ್ರಗ್ಸ್ ಪರೀಕ್ಷೆ ಬರೀತಾರೆ. ದುಡ್ಡು ಕೀಳೋಕೆ ಅಲ್ಲ, ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ. ಮಾತ್ರೆ ಶುರು ಮಾಡೋ ಮುಂಚೇನೇ ತೂಕ, ಸೊಂಟದ ಅಳತೆ, ಸಕ್ಕರೆ, ಕೊಲೆಸ್ಟ್ರಾಲ್ ನೋಡ್ಸಿ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ, ಆಮೇಲೆ ಹೋಲಿಸೋಕೆ ಬೇಕಾಗುತ್ತೆ.

ಅಡ್ಮಿಟ್ ಮಾಡ್ಬೇಕು ಅಂದ್ರೆ

ಎಲ್ರಿಗೂ ಬೇಕಾಗಲ್ಲ, ಊಟ ನಿದ್ದೆ ಒಂಚೂರಾದ್ರೂ ಇದ್ದು, ಅಪಾಯ ಇಲ್ದೆ ಇದ್ದು, ಮಾತ್ರೆ ಕೊಡೋಕೆ ಮನೇಲಿ ಜನ ಇದ್ರೆ ಮನೇಲೇ ಆಗುತ್ತೆ. ಬೇಕಾದ್ರೆ ಕಾನೂನು ತಿಳ್ಕೊಂಡಿರಿ. 2017ರ ಮಾನಸಿಕ ಆರೋಗ್ಯ ಕಾಯ್ದೆ, 2018ರ ಮೇ ತಿಂಗಳಿಂದ ಜಾರೀಲಿದೆ. ಹದಿನೆಂಟು ದಾಟಿದೋರು ತಾವೇ ಒಪ್ಪಿ ಅಡ್ಮಿಟ್ ಆದ್ರೆ ತಾವೇ ಡಿಸ್ಚಾರ್ಜ್ ಕೇಳ್ಬಹುದು. ನಿರ್ಧಾರ ಮಾಡೋ ಸ್ಥಿತೀಲಿ ಇಲ್ದೆ ಅಪಾಯ ಇದ್ದಾಗ, ಮನೆಯವ್ರ ಅರ್ಜಿ ಮೇಲೆ, ಮನೋವೈದ್ಯರೂ ಸೇರಿ ಇಬ್ರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ ಒಪ್ಪಿದ್ರೆ ಮಾತ್ರ 30 ದಿನದ ತನಕ ಇಟ್ಕೋಬಹುದು. ಅರ್ಜಿ ಹಾಕೋರನ್ನ ನಾಮಿನೇಟೆಡ್ ರೆಪ್ರೆಸೆಂಟೇಟಿವ್ ಅಂತಾರೆ, ಹುಷಾರಾದ್ಮೇಲೆ ಅವನೇ ಬೇಕಾದೋರ ಹೆಸರು ಬರೆದು ಕೊಡ್ಬಹುದು, ನಮ್ಮವ್ನು ಅಪ್ಪನ್ನ ಬಿಟ್ಟು ನನ್ನ ಹೆಸರು ಬರೆದ, ಅಪ್ಪ ಎರಡು ದಿನ ಮಾತಾಡ್ಲಿಲ್ಲ. ಸರಪಳಿ ಹಾಕೋದು, ಅನಸ್ತೇಶಿಯಾ ಇಲ್ದೆ ಕರೆಂಟ್ ಕೊಡೋದು, ಎರಡೂ ಕಾನೂನು ಪ್ರಕಾರ ನಿಷೇಧ. ಇಸಿಟಿ, ಅಂದ್ರೆ ಈ ಕರೆಂಟ್ ಚಿಕಿತ್ಸೆ, ಅಂದ ತಕ್ಷಣ ಸಿನಿಮಾ ನೆನಪಿಸ್ಕೊಂಡು ಓಡಿ ಬರ್ಬೇಡಿ, ಈಗ ಮಂಪರು ಕೊಟ್ಟೇ ಮಾಡ್ತಾರೆ, ಊಟ ನೀರು ಪೂರ್ತಿ ಬಿಟ್ಟೋರಿಗೆ ಅದೇ ಜೀವ ಉಳಿಸೋದು.

ಡಿಸ್ಚಾರ್ಜ್ ದಿನ ಸಮ್ಮರಿ ಶೀಟ್ ಕೈಗೆ ಬರೋ ತನಕ ಅಲ್ಲಿಂದ ಕದಲ್ಬೇಡಿ. ಮುಂದಿನ ಡೇಟು, ಮಾತ್ರೆ ಹೆಸರು, ರಾತ್ರಿ ಏನಾದ್ರೂ ಆದ್ರೆ ಯಾವ ನಂಬರ್, ಮೂರೂ ಅದರಲ್ಲಿದೆಯಾ ನೋಡಿ. ಮನೆಗೆ ಬಂದ ಮೊದಲ ಕೆಲವು ವಾರ ಸಾಯೋ ಯೋಚನೆ ಬರೋ ಅಪಾಯ ಜಾಸ್ತಿ, ಏನಾಗಿತ್ತು ಅಂತ ಅವ್ರಿಗೇ ಅರ್ಥ ಆಗೋ ಹೊತ್ತದು. ಮಾತ್ರೆ ಡಬ್ಬಿ ಬೀರುವಲ್ಲಿಟ್ಟು ಬೀಗ ಹಾಕಿ, ಸಾಯ್ಬೇಕು ಅನ್ಸುತ್ತಾ ಅಂತ ನೇರವಾಗೇ ಕೇಳಿ. ಕೇಳಿದ್ರೆ ಆ ಯೋಚನೆ ಹುಟ್ಟಲ್ಲ, ಇದ್ರೆ ಹೊರಗೆ ಬರುತ್ತೆ.

ಮಾತ್ರೆ

ರಿಸ್ಪೆರಿಡೋನ್, ಒಲಾಂಜಪಿನ್, ಅರಿಪಿಪ್ರಜೋಲ್, ಸಾಮಾನ್ಯವಾಗಿ ಇವುಗಳಲ್ಲಿ ಒಂದರಿಂದ ಶುರು. ನಿದ್ದೆ, ಸಿಟ್ಟು ಕೆಲವೇ ದಿನದಲ್ಲಿ ಹತೋಟಿಗೆ ಬರುತ್ತೆ, ದನಿ, ಅನುಮಾನ ಹೋಗೋಕೆ ವಾರಗಳೇ ಬೇಕು, ಹತ್ತು ದಿನಕ್ಕೆ ಏನೂ ಆಗ್ಲಿಲ್ಲ ಅಂತ ಡಾಕ್ಟ್ರನ್ನ ಬದಲಾಯಿಸ್ಬೇಡಿ.

ಈಗ ನಮಗೆ ಯಾರೂ ಹೇಳದೇ ಇದ್ದ ವಿಷ್ಯ. ಮೊದಲು ತೋರಿಸಿದ ಕಡೆ ಇಂಜೆಕ್ಷನ್ ಕೊಟ್ಟು ಮಾತ್ರೆ ಬರೆದು ಕಳ್ಸಿದ್ರು, ಐದು ನಿಮಿಷದ ಮಾತು. ಮಾರನೇ ದಿನ ಸಂಜೆ ಅವನ ಕುತ್ತಿಗೆ ನಿಧಾನಕ್ಕೆ ಎಡಕ್ಕೆ ತಿರುಗ್ತಾ ಹೋಯ್ತು, ಕಣ್ಣು ಮೇಲಕ್ಕೆ ಸಿಕ್ಕಾಕೊಂಡು ಬಿಳಿ ಗುಡ್ಡೆ ಮಾತ್ರ ಕಾಣ್ತಿತ್ತು, ನಾಲಿಗೆ ದಪ್ಪ ಆಗಿ ಮಾತು ಬರ್ತಿಲ್ಲ. ಪಕ್ಕದ ಮನೆ ಆಂಟಿ ನೋಡಿದೋರೇ ಕೈ ಮುಗಿದು "ಮೈಮೇಲೆ ಬಂದಿದೆ, ನಿಂಬೆಹಣ್ಣು ತನ್ನಿ" ಅಂದ್ರು. ಅಮ್ಮ ಮಾತ್ರೆ ಎಲ್ಲಾ ಕಸದ ಬುಟ್ಟಿಗೆ ಹಾಕಿದ್ರು. ಆಟೋ ಹಿಡಿದು ಎಮರ್ಜೆನ್ಸಿಗೆ ಓಡಿದ್ರೆ ಅಲ್ಲಿನ ನರ್ಸು ನೋಡಿದ ತಕ್ಷಣ ಗಾಬರೀನೇ ಆಗ್ದೆ "ಡಿಸ್ಟೋನಿಯಾ" ಅಂದ್ರು, ಫೆನರ್ಗನ್ ಇಂಜೆಕ್ಷನ್ ಕೊಟ್ರು, ಅರ್ಧ ಗಂಟೆಗೆ ಕುತ್ತಿಗೆ ನೇರ. ಮಾತ್ರೆಯ ಸೈಡ್ ಎಫೆಕ್ಟ್ ಅದು, ಮೊದಲ ಕೆಲವು ದಿನದಲ್ಲಿ ಬರುತ್ತೆ, ಹುಡುಗರಲ್ಲಿ ಜಾಸ್ತಿ, ಔಷಧಿ ಇದೆ. ಒಂದು ಸಾಲು ಮೊದ್ಲೇ ಹೇಳಿದ್ರೆ ಆ ರಾತ್ರಿ ಬೇಕಿರ್ಲಿಲ್ಲ. ಆದ್ರಿಂದ ನೀವೇ ಕೇಳಿ: ಏನೇನಾಗ್ಬಹುದು, ಆದ್ರೆ ಯಾವುದು ಕೊಡ್ಬೇಕು, ಎಲ್ಲಿಗೆ ಬರ್ಬೇಕು.

ಕೂತಲ್ಲಿ ಕೂರೋಕೆ ಆಗ್ದೆ ಮನೆಯೆಲ್ಲ ಸುತ್ತೋದು, ಕೈ ನಡುಕ, ಜೊಲ್ಲು, ಇವೂ ಸೈಡ್ ಎಫೆಕ್ಟ್‌ಗಳೇ, ಹೇಳಿದ್ರೆ ಡೋಸೋ ಮಾತ್ರೆಯೋ ಬದಲಾಯಿಸ್ತಾರೆ. ಒಲಾಂಜಪಿನ್‌ಗೆ ಹಸಿವು ವಿಪರೀತ, ನಮ್ಮವ್ನು ರಾತ್ರಿ ಹನ್ನೊಂದಕ್ಕೆ ತಂಗಳನ್ನ ಹುಡುಕ್ತಿದ್ದ, ಮೂರು ತಿಂಗಳಿಗೆ ಒಂಬತ್ತು ಕೆಜಿ. ಹೆಣ್ಮಕ್ಕಳಿಗೆ ರಿಸ್ಪೆರಿಡೋನ್‌ನಿಂದ ಮುಟ್ಟು ನಿಲ್ಲಬಹುದು, ಎದೆಹಾಲು ಬರ್ಬಹುದು, ನಾಚ್ಕೊಂಡು ಹೇಳದೇ ಮಾತ್ರೆ ಬಿಟ್ಬಿಡ್ತಾರೆ, ಅಮ್ಮನೋ ಅಕ್ಕನೋ ಕೇಳ್ಬೇಕು. ಹೈ ಜ್ವರ, ಮೈ ಮರಗಟ್ಟಿ ಸೆಟೆದ್ಕೊಳ್ಳೋದು, ಮಂಕು, ಈ ಮೂರು ಒಟ್ಟಿಗೆ ಬಂದ್ರೆ ಮಾತ್ರ ಮುಂದಿನ ಮಾತ್ರೆ ಕೊಡದೇ ಆ ಕ್ಷಣವೇ ಎಮರ್ಜೆನ್ಸಿ, ಅಪರೂಪ ಆದ್ರೂ ಪ್ರಾಣಕ್ಕೆ ಕುತ್ತು. ಎರಡು ಥರದ ಮಾತ್ರೆ ಸರಿಯಾದ ಡೋಸಲ್ಲಿ ಕೊಟ್ರೂ ಕೆಲ್ಸ ಮಾಡ್ಲಿಲ್ಲ ಅಂದ್ರೆ ಕ್ಲೋಜಪಿನ್ ಅಂತ ಇದೆ, ಮೊದಲ 18 ವಾರ ವಾರವಾರ ರಕ್ತ ಪರೀಕ್ಷೆ ಮಾಡ್ಸ್ಬೇಕು, ಹೆದರಿ ಬೇಡ ಅನ್ಬೇಡಿ. ದಿನಾ ನುಂಗೋದು ಮರೆಯೋರಿಗೆ ಎರಡು ವಾರಕ್ಕೋ ತಿಂಗಳಿಗೋ ಒಂದು ಇಂಜೆಕ್ಷನ್ನೂ ಇದೆ.

ಮಾತ್ರೆ ಜನೌಷಧಿ ಕೇಂದ್ರದಲ್ಲಿ ಕೇಳಿ, ಬೆಲೆ ನೋಡಿ ನಿಮಗೇ ಆಶ್ಚರ್ಯ ಆಗುತ್ತೆ.

ಮನೇಲಿ, ಆಮೇಲಿನ ಆರು ತಿಂಗಳು

ದನಿ ಹೋಯ್ತು, ಅನುಮಾನ ಹೋಯ್ತು, ಇನ್ನೇನು ಅಂದ್ರೆ ಹುಡುಗ ಮಲಗಿದ. ಹನ್ನೆರಡು ಗಂಟೆ ನಿದ್ದೆ, ಎದ್ದು ಗೋಡೆ ನೋಡೋದು, ಕೇಳಿದ್ದಕ್ಕೆ ಹೂಂ. ಅಪ್ಪ "ಸೋಮಾರಿ" ಅಂತ ಶುರು ಮಾಡಿದ್ರು. ಅರ್ಧ ಮಾತ್ರೆ, ಅರ್ಧ ಕಾಯಿಲೆಯ ಸುಸ್ತು ಅದು, ಮೂಳೆ ಮುರಿದೋನ್ನ ಓಡು ಅಂದಂಗೆ. ಮನೇಲಿ ಚುಚ್ಚುಮಾತು ಜಾಸ್ತಿ ಇದ್ದಷ್ಟು ಕಾಯಿಲೆ ಮತ್ತೆ ಬರೋದೂ ಜಾಸ್ತಿ ಅಂತ ದಶಕಗಳಿಂದ ಸಂಶೋಧನೆಗಳಲ್ಲಿ ಕಂಡಿದೆ, ಇದನ್ನ ಡಾಕ್ಟ್ರ ಬಾಯಲ್ಲೇ ಅಪ್ಪಂಗೆ ಹೇಳಿಸ್ದೆ, ನಾನು ಹೇಳಿದ್ರೆ ಕೇಳ್ತಿರ್ಲಿಲ್ಲ. ಶುರುಲಿ ಒಂದೇ ಕೆಲ್ಸ ಕೊಡಿ. ನಾವು ಕೊಟ್ಟಿದ್ದು ಬೆಳಿಗ್ಗೆ ನಂದಿನಿ ಬೂತ್‌ಗೆ ಹೋಗಿ ಎರಡು ಪ್ಯಾಕೆಟ್ ಹಾಲು ತರೋದು. ಮೊದಲ ವಾರ ನಾನೂ ಹೋದೆ, ಎರಡನೇ ವಾರ ಗೇಟ್ ತನಕ.

ಕಾಲೇಜಿಗೆ ತಕ್ಷಣ ಕಳ್ಸ್ಬೇಡಿ, ಪೂರ್ತಿ ಬಿಡಿಸ್ಲೂಬೇಡಿ, ಮೆಡಿಕಲ್ ಸರ್ಟಿಫಿಕೇಟ್ ತಗೊಂಡು ಒಂದು ಸೆಮ್ ಬಿಟ್ಟು ಸೇರ್ಕೊಳ್ಳೋದು ಸೋಲೇನಲ್ಲ. ಗಾಂಜಾ ಮಾತ್ರ ಇನ್ನು ಜೀವಮಾನಕ್ಕೇ ಇಲ್ಲ. ಸಿಗರೇಟಿಂದ ಒಲಾಂಜಪಿನ್, ಕ್ಲೋಜಪಿನ್ ರಕ್ತದಲ್ಲಿ ಕಮ್ಮಿ ಆಗುತ್ತೆ, ಸಿಗರೇಟ್ ಬಿಟ್ರೆ ಏರುತ್ತೆ, ಸಿಗರೇಟ್ ಬಿಡೋದಾದ್ರೆ ಬಿಡಿ, ಡಾಕ್ಟ್ರಿಗೆ ಹೇಳಿ ಬಿಡಿ.

ಕೆಲ್ಸಕ್ಕೆ ತಯಾರಾಗೋಕೆ, ಜನರ ಜೊತೆ ಬೆರೆಯೋಕೆ ಡೇ ಕೇರ್ ಕೇಂದ್ರಗಳಿವೆ. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಹೊಲಿಗೆ ಥರದ ತರಬೇತಿ ಇದೆ. ರಿಚ್ಮಂಡ್ ಫೆಲೋಶಿಪ್, ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಶನ್ ಇಬ್ರೂ ಬೆಂಗಳೂರಲ್ಲಿ ದಶಕಗಳಿಂದ ಪುನರ್ವಸತಿ ಕೆಲ್ಸ ಮಾಡ್ತಿದಾರೆ. ಮನೆಯವ್ರ ಗುಂಪುಗಳೂ ಇವೆ, ನಿಮ್ಮ ಆಸ್ಪತ್ರೆಯ ಸೋಶಿಯಲ್ ವರ್ಕರ್‌ನ ಕೇಳಿ. ನಂಗೆ ಮೊದಲ ಸಲ ಹೋದಾಗ ಏನೂ ಮಾತಾಡೋಕೆ ಆಗ್ಲಿಲ್ಲ, ಆದ್ರೆ ಇನ್ನೊಬ್ರಮ್ಮ ಮೊಟ್ಟೆ ಸಿಪ್ಪೆ ಕಥೇನೇ ಹೇಳಿದಾಗ ಜೋರಾಗಿ ನಗು ಬಂತು.

ಕಾಗದ ಪತ್ರ, ಚುಟುಕಾಗಿ. ಇನ್ಶೂರೆನ್ಸ್‌ನೋರು ಮಾನಸಿಕ ಕಾಯಿಲೆ ಕವರ್ ಆಗಲ್ಲ ಅಂದ್ರೆ, 2017ರ ಕಾಯ್ದೆ 21ನೇ ಸೆಕ್ಷನ್ ತೋರಿಸಿ, ಬೇರೆ ಕಾಯಿಲೆ ಥರಾನೇ ಕೊಡ್ಬೇಕು. ತೊಂದ್ರೆ ದೀರ್ಘ ಕಾಲ ಉಳಿದ್ರೆ 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಮಾನಸಿಕ ಕಾಯಿಲೇನೂ ಸೇರಿದೆ, ಪರೀಕ್ಷೆ ಮಾಡಿ ಶೇಕಡಾ 40 ಅಥವಾ ಜಾಸ್ತಿ ಅಂದ್ರೆ ಸೌಲಭ್ಯಗಳು ಸಿಗುತ್ತೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸ್ಬಹುದು. ಮೊದಲನೇ ಎಪಿಸೋಡ್‌ಗೇ ಅದಕ್ಕೆ ಓಡೋ ಅಗತ್ಯ ಇಲ್ಲ.

ಯಾವಾಗ ನಿಲ್ಸೋದು

ಇಲ್ಲೇ ಜಾಸ್ತಿ ಜನ ಎಡವೋದು. ನಾಲ್ಕನೇ ತಿಂಗಳಿಗೆ ಹುಡುಗ ನಗ್ತಾನೆ, ಕ್ರಿಕೆಟ್ ನೋಡ್ತಾನೆ, ಇನ್ನೇಕೆ ಮಾತ್ರೆ ಅನ್ಸುತ್ತೆ. ನಗ್ತಿರೋದೇ ಮಾತ್ರೆಯಿಂದ. ಸಾಮಾನ್ಯವಾಗಿ ಪೂರ್ತಿ ಹುಷಾರಾದ್ಮೇಲೂ ಒಂದರಿಂದ ಎರಡು ವರ್ಷ ತಗೊಳ್ಳಿ ಅಂತಾರೆ, ಆಮೇಲೆ ನಿಲ್ಸೋದಾದ್ರೂ ತಿಂಗಳುಗಟ್ಲೆ ಸ್ವಲ್ಪ ಸ್ವಲ್ಪವೇ ಇಳಿಸ್ತಾ, ಪರೀಕ್ಷೆ, ಮದುವೆ, ಹೊಸ ಕೆಲ್ಸ ಇಲ್ದಿರೋ ಸಮಯ ನೋಡಿ. ನಮ್ಮವ್ನು ಏಳನೇ ತಿಂಗಳಲ್ಲಿ ಯಾರಿಗೂ ಹೇಳದೇ ಬಿಟ್ಟಿದ್ದ, ದಿನಾ ಮಾತ್ರೆ ಕಿಟಕಿ ಹೊರಗಿನ ದಾಸವಾಳದ ಕುಂಡಕ್ಕೆ. ನನಗೆ ಗೊತ್ತಾಗಿದ್ದು ಕುಂಡದಿಂದ ಅಲ್ಲ, ನೋಟ್‌ಬುಕ್ಕಿಂದ. ನಿದ್ದೆ ಏಳು, ಏಳು, ಆರೂವರೆ, ಐದು, ನಾಲ್ಕು. ಐದನೇ ದಿನ ಸೆಟ್‌ಟಾಪ್ ಬಾಕ್ಸ್ ಕಡೆ ನೋಡಿದೆ, ಹೊಸ ಬ್ಯಾಂಡೇಡ್. ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿದ್ದಕ್ಕೆ ಅಡ್ಮಿಟ್ ಆಗೋದು ತಪ್ತು.

ಪ್ರತಿಯೊಬ್ರಿಗೂ ಅವ್ರದೇ ಆದ ಇಂಥ ಗುರುತು ಇರುತ್ತೆ, ನಿದ್ದೆ ಕಮ್ಮಿ ಆಗೋದು ಹೆಚ್ಚುಕಮ್ಮಿ ಎಲ್ರಲ್ಲೂ ಇರುತ್ತೆ. ಹುಷಾರಾಗಿದ್ದಾಗ ಅವನನ್ನೇ ಕೂರ್ಸ್ಕೊಂಡು, ನಿಂಗೆ ಮೊದ್ಲು ಏನಾಗುತ್ತೆ, ಆಗ ನಾವೇನ್ ಮಾಡ್ಬೇಕು ಅಂತ ಅವನ ಕೈಯಲ್ಲೇ ಬರೆಸಿ, ಡಾಕ್ಟ್ರ ನಂಬರ್, 14416 ಜೊತೆ ಫ್ರಿಜ್ ಬಾಗಿಲಿಗೆ ಅಂಟಿಸಿ. ನಮ್ಮನೆ ಚೀಟೀಲಿ ಅವನು ಬರೆದಿರೋ ಕೊನೇ ಸಾಲು, "ಅಪ್ಪ ಮೇಲಿನ ಮನೆಗೆ ಕರ್ಕೊಂಡ್ ಹೋಗೋದು ಬೇಡ, ಅಕ್ಕ ಬಾಳೆಹಣ್ಣು ತರೋದೂ ಬೇಡ."